ಅಪ್ಪ ಸುರಿದ ನೀರು

ಮಹಲಿನ ಅಂಗಳದ ನಡುವೆ ನಿಂತು ಅಪ್ಪ ಬಾಟಲಿ ನೀರನ್ನು ನೆಲಕ್ಕೆ ಸುರಿದೇಬಿಟ್ಟ! ವಾಚ್‌ಮನ್ ಕೂಗುತ್ತ ಓಡಿಬಂದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

ಕಡಲ ದಂಡೆಯಲ್ಲಿ ಹಡಗಿನ ಸಾಹುಕಾರನೊಬ್ಬ ಹಿಂದೆ ಕಟ್ಟಿಸಿದ ಮನೆ ಅದು. ಈಗ ಟಿಕೆಟ್ ಕೊಂಡು ನೋಡಬೇಕು. ಗೋಡೆ ತುಂಬ ನೀಲಿ ಟೈಲ್ಸು, ಬಂಗಾರದ ಅರಬ್ಬಿ ಬರಹ, ಜೇನುಗೂಡಿನಂಥ ಕಲ್ಲಿನ ಜಾಲರಿ. ನಾನು ಬಾಯಿ ತೆರೆದು ನೋಡುತ್ತಿದ್ದರೆ, ಕುರುಗೋಡಿನಲ್ಲಿ ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದ ಅಪ್ಪ ತಲೆಯನ್ನೇ ಎತ್ತಿರಲಿಲ್ಲ. ಅವನ ಕಣ್ಣೆಲ್ಲ ನೆಲದ ಮೇಲೆ.

"ಸಿಟ್ಟಾಗಬ್ಯಾಡ್ರಿ ಸಾಹೇಬ್ರ. ನೀರು ಎತ್ತ ಹೊಂಟೈತಿ ನೋಡ್ರಿ" ಅಂದ ಅಪ್ಪ.

ವಾಚ್‌ಮನ್ ಬಗ್ಗಿದ. ನಮಗೆ ಮಹಲು ತೋರಿಸುತ್ತಿದ್ದ ಗೈಡ್ ಕೂಡ ಬಗ್ಗಿದ. ನೋಡಲು ಸಪಾಟಾಗಿದ್ದ ಆ ನೆಲದಲ್ಲಿ, ನಕ್ಷತ್ರದಂಥ ಕಲ್ಲುಗಳ ಮೇಲೆ ನೀರು ಸಣ್ಣ ಹಾವಿನ ಹಾಗೆ ಹರಿದು, ಎಲ್ಲೂ ನಿಲ್ಲದೆ ಮೂಲೆಯ ತೂತಿಗೆ ಇಳಿಯಿತು. ಅಪ್ಪ ಚಪ್ಪಾಳೆ ತಟ್ಟಿದ.

"ನೆಲಕ್ಕ ಇಂಥಾ ವಾಟ, ಕಣ್ಣಿಗೆ ಕಾಣದಂಥಾ ಇಳಿಜಾರು ಕೊಟ್ಟಾಂವ ಯಾರ್ರೀ? ಅವನ ಹೆಸರು ಎಲ್ಲೆರ ಬರದೈತೇನು?"

ಅಲ್ಲಿಯವರೆಗೆ ಸಾಹುಕಾರನ ಮನೆತನದವರ ಹೆಸರನ್ನೆಲ್ಲ ಪಟಪಟನೆ ಹೇಳಿದ್ದ ಗೈಡ್ ಗೋಡೆಯ ಬರಹದ ಮೇಲೆಲ್ಲ ಕಣ್ಣಾಡಿಸಿ, ಇಲ್ಲವೆಂದು ತಲೆಯಾಡಿಸಿದ. ವಾಚ್‌ಮನ್ ಮಾತ್ರ ಒಳಗೆ ಹೋಗಿ ತನ್ನದೇ ಬಾಟಲಿ ತಂದು ಅಪ್ಪನ ಕೈಗಿಟ್ಟ. "ಇನ್ನೊಮ್ಮೆ ಹಾಕಿ, ನೋಡುವ" ಎಂದು ನಕ್ಕ.

ನನ್ನ ಫೋನಿನಲ್ಲಿ ಆ ಮಹಲಿನ ನೂರಾರು ಫೋಟೋಗಳಿವೆ. ಮನೆಗೆ ಬಂದವರಿಗೆ ಅಪ್ಪ ಅವನ್ನೆಲ್ಲ ಸರಸರ ಸರಿಸಿ, ಒದ್ದೆ ನೆಲದ್ದೊಂದನ್ನೇ ತೋರಿಸುತ್ತಾನೆ: "ನೋಡ್ರಿ, ಒಂದು ಹನಿ ನಿಂತಿಲ್ಲ!"