ಮುಝಫರ್ ಸಾಬರ ಬೆಂಚು

ಹೊಸದುರ್ಗದ ಬಸ್ ನಿಲ್ದಾಣದ ಎದುರಿಗಿರುವ ಮುಝಫರ್ ಸಾಬರ ಹಾಸಿಗೆ ಅಂಗಡಿಯಲ್ಲಿ ಹಾಸಿಗೆಗಳಿಗಿಂತ ಊರವರ ಸಾಮಾನೇ ಹೆಚ್ಚು. ಮತ್ತೋಡಿನಿಂದ ಬಂದು ಬಸ್ಸಿಳಿದವರೆಲ್ಲ "ಸಾಬ್ರೇ, ಇದೊಂದು ಇಲ್ಲಿರ್ಲಿ, ಈಗ ಬಂದೆ" ಎಂದು ಚೀಲ ಇಟ್ಟು ಹೋಗುತ್ತಾರೆ. ಅವರ "ಈಗ" ಬರುವುದು ಸಂಜೆಗೆ. "ಇದೇನು ಹಾಸಿಗೆ ಅಂಗಡಿ ಐತೋ, ಛತ್ರ ಐತೋ? ನಾಳಿಂದ ಯಾರೂ ಇಡಂಗಿಲ್ಲ ನೋಡ್ರಿ!" ಎಂದು ದಿನಾ ಗುಡುಗುವ ಸಾಬರು, ಬಂದವರು ಮರೆಯಾದ ಕೂಡಲೇ ಚೀಲವನ್ನು ಬಿಸಿಲಿನಿಂದ ನೆರಳಿಗೆ ಎಳೆದಿಡುತ್ತಾರೆ. ಯಾರ ಚೀಲವನ್ನೂ ಬಿಚ್ಚಿ ನೋಡಿದವರಲ್ಲ. ಒಮ್ಮೆ ಒಂದು ಚೀಲದೊಳಗಿಂದ ಹುಂಜ ಕೂಗಿದಾಗ ಮಾತ್ರ ಬಿಚ್ಚಿ, ಅದಕ್ಕೆ ನೀರು ಕುಡಿಸಿ, "ನಿಮ್ಮ ಯಜಮಾನ್ರು ಬರೋತಂಕ ಸುಮ್ಕಿರಪ್ಪ" ಎಂದು ಬುದ್ಧಿ ಹೇಳಿದ್ದರಂತೆ. ನಮಾಜಿಗೆ ಹೊರಟರೆ ಬಾಗಿಲು ಎಳೆಯುವುದಿಲ್ಲ; ಬೆಂಚಿನ ಮೇಲೆ ಯಾರು ಕುಳಿತಿರುತ್ತಾರೋ ಅವರಿಗೇ ಅಂಗಡಿ ಒಪ್ಪಿಸಿ ಹೋಗುತ್ತಾರೆ. ನಾನು ವರ್ಗವಾಗಿ ಈ ಊರಿಗೆ ಬಂದ ದಿನ ಅಲ್ಲಿ ಕುಳಿತಿದ್ದವಳು ನಾನು. ಒಂಟಿ ಹೆಂಗಸು, ಊರಲ್ಲಿ ಗುರುತಿನವರಿಲ್ಲ ಎಂದು ಬೆಳಗಿನಿಂದ ಯಾರೂ ಬಾಡಿಗೆಗೆ ಮನೆ ಕೊಟ್ಟಿರಲಿಲ್ಲ. ಸಾಬರು ನನ್ನ ಹೆಸರನ್ನೂ ಕೇಳದೆ, "ಸ್ವಲ್ಪ ನೋಡ್ಕಳ್ರಮ್ಮ, ಬಂದ್ಬಿಟ್ಟೆ" ಎಂದು ಟೋಪಿ ಸರಿಮಾಡಿಕೊಂಡು ಮಸೀದಿಯ ಕಡೆ ನಡೆದೇಬಿಟ್ಟರು. ಆ ಒಂದು ಮಾತಿನ ಋಣ ಇಂದಿಗೂ ನನ್ನ ಮೇಲಿದೆ. ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕುಳಿತೆ. ಅಷ್ಟರಲ್ಲಿ ಬಸ್ಸಿಳಿದು ಬಂದ ಹೆಂಗಸೊಬ್ಬಳು, "ಅಕ್ಕಾ, ಇದೊಂದು ಇಲ್ಲಿರ್ಲಿ, ಈಗ ಬಂದೆ" ಎಂದು, ನನ್ನ ಮುಖವನ್ನೂ ಸರಿಯಾಗಿ ನೋಡದೆ, ಚೀಲ ಇಟ್ಟು ಹೋದಳು. ನಾನು ಎದ್ದು ಆ ಚೀಲವನ್ನು ನೆರಳಿಗೆ ಎಳೆದಿಟ್ಟೆ.