ಬ್ಯಾಂಕಿನ ಮೂರನೇ ಅಂತಸ್ತು

ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಹತ್ತಿರ ಯಾರೋ ಮಳಿಗೆ ಕಟ್ಟಿಸುತ್ತಿದ್ದಾರೆ. ಮೊನ್ನೆ ಅದರ ಮುಂದೆ ಹಾದು ಬರುವಾಗ ಹಸಿ ಗೋಡೆಗೆ ನೀರು ಹೊಡೆದ ವಾಸನೆ ಮೂಗಿಗೆ ಬಡಿಯಿತು. ಸೊಪ್ಪಿನ ಚೀಲ ಕೆಳಗಿಟ್ಟು ನಿಂತುಬಿಟ್ಟೆ. "ಧೂಳು ಕಣಜ್ಜಿ, ನಡಿ" ಅಂದಳು ಮೊಮ್ಮಗಳು. ಅವಳಿಗೆ ಧೂಳು, ನನಗೆ ಅದು ಮನೆ. ಬೇರೆಯವರಿಗೆ ಮನೆಯೆಂದರೆ ಒಗ್ಗರಣೆಯ ಘಮ, ಕೊಟ್ಟಿಗೆಯ ಗಂಜಲದ ವಾಸನೆ ಇರಬಹುದು. ನಾನು ಬೆಳೆದದ್ದು ನಂಜನಗೂಡಿನಲ್ಲಿ, ಒಂದು ಬ್ಯಾಂಕಿನ ಕಟ್ಟಡ ಏಳುತ್ತಿದ್ದಾಗ ಅದರ ಮಗ್ಗುಲಲ್ಲೇ ಹಾಕಿಕೊಂಡಿದ್ದ ತಗಡಿನ ಶೆಡ್ಡಿನಲ್ಲಿ. ಅಪ್ಪ ಗಾರೆ ಕೆಲಸದವನು. ಅವ್ವ ಗಾರೆ ಹೊರುವವಳು. ಅಪ್ಪನ ತಾಯಿ, ನನ್ನಜ್ಜಿ, ಮೂರು ಕಲ್ಲಿನ ಒಲೆಯ ಮುಂದೆ ಕೂತು ಎಲ್ಲರನ್ನೂ ಬೈಯುವವಳು. ಇಷ್ಟೇ ನಮ್ಮ ಸಂಸಾರ. ಉಣ್ಣುವ ಮುದ್ದೆಯಲ್ಲೂ ಮರಳು ಕರಕರ ಅನ್ನುತ್ತಿತ್ತು.

ಅಪ್ಪ ನಮ್ಮೂರು ಹೆಮ್ಮರಗಾಲದಲ್ಲಿ ನೆಲಮಟ್ಟದ ಹೆಂಚಿನ ಮನೆಗಳನ್ನು ಕಟ್ಟಿಕೊಂಡಿದ್ದವನು. ಬ್ಯಾಂಕಿಗೆ ಮೂರು ಅಂತಸ್ತು. ಎರಡರವರೆಗೆ ಹೇಗೋ ಹಲ್ಲು ಕಚ್ಚಿಕೊಂಡು ಮಾಡಿದ. ಮೂರನೆಯದಕ್ಕೆ ನಿಂತು ಕೆಲಸ ಮಾಡಲು ಬಿದಿರಿನ ಸಾರುವೆ ಕಟ್ಟಿದ ಮೇಲೆ ಎತ್ತರದ ಭಯಕ್ಕೆ ಅವನಿಗೆ ಊಟ ಸೇರದಾಯಿತು. ಮೈಸೂರಿನಿಂದ ಬರುತ್ತಿದ್ದ ಇಂಜಿನಿಯರು ಒಳ್ಳೆಯ ಹುಡುಗ, ಧೈರ್ಯ ತುಂಬಲು ಅಮೆರಿಕದ ಕಟ್ಟಡಗಳ ಚಿತ್ರ ತೋರಿಸಿದ. ಮೊದಮೊದಲು ಅಲ್ಲೂ ಇಟ್ಟಿಗೆಯ ಮೇಲೆ ಇಟ್ಟಿಗೆ ಪೇರಿಸಿಯೇ ಎತ್ತರ ಕಟ್ಟುತ್ತಿದ್ದರಂತೆ. ಎತ್ತರ ಏರಿದಷ್ಟೂ ಬುಡದ ಗೋಡೆ ದಪ್ಪವಾಗಿ, ಒಳಗೆ ಜಾಗವೇ ಉಳಿಯುತ್ತಿರಲಿಲ್ಲವಂತೆ. ಆಮೇಲೆ ಉಕ್ಕಿನ ಎಲುಬು ನಿಲ್ಲಿಸಿ, ಗೋಡೆಯನ್ನು ಅಂಗಿಯ ಹಾಗೆ ತೊಡಿಸಿದರಂತೆ. ಬ್ಯಾಂಕಿನವರು, ವಿಮೆಯವರು ನಾ ಮೇಲು ತಾ ಮೇಲು ಅಂತ ಮೋಡಕ್ಕೇ ಹತ್ತಿಸಿದರಂತೆ. "ಭಾರವೆಲ್ಲ ಎಲುಬಿನ ಮೇಲೆ ಕಣಯ್ಯ, ಭಯ ಯಾಕೆ?" ಅಂದ. ಅಪ್ಪ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಅದ್ಸರಿ ಸಾ, ಅದ್ರ ಮೇಲೆ ನಿಂತ್ಕಂಡೋನ ಎಲುಬು?" ಅಂದ.

ಕಟ್ಟಡ ಮೇಲೇಳುವಾಗ ಕಣ್ಣು ಬೀಳದಿರಲೆಂದು ಹುಲ್ಲಿನ ಬೊಂಬೆ ಮಾಡಿ ಎತ್ತರಕ್ಕೆ ಕಟ್ಟುವುದು ನಿಮಗೂ ಗೊತ್ತಿರುತ್ತದೆ. ನಮ್ಮವರಲ್ಲಿ ಅದಕ್ಕೆ ಮನೆ ಕಟ್ಟಿಸುವ ಯಜಮಾನನ ಹಳೇ ಬಟ್ಟೆಯನ್ನೇ ತೊಡಿಸಬೇಕು, ಕೆಲಸದವನದನ್ನು ತೊಡಿಸಬಾರದು. ಬಟ್ಟೆ ಯಾರದೋ ಬೊಂಬೆ ಅವರೇ ಅಂತ ಲೆಕ್ಕ. ಬ್ಯಾಂಕಿಗೆ ಯಜಮಾನ ಯಾರು? ಕೇಳಿದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸಿದರು. ಕೊನೆಗೆ ಬೊಂಬೆಯಿಲ್ಲದೆ ಕೆಲಸ ಬೇಡವೆಂದು ಅಜ್ಜಿ ಯಾರಿಗೂ ಹೇಳದೆ, ಹಗ್ಗದ ಮೇಲೆ ಒಣಗುತ್ತಿದ್ದ ಅಪ್ಪನ ಹರಕಲು ಅಂಗಿಯನ್ನೇ ಬೊಂಬೆಗೆ ಹಾಕಿ ಮೇಲಕ್ಕೆ ಕಳಿಸಿಬಿಟ್ಟಳು. ಬೆಳಿಗ್ಗೆ ಅಪ್ಪ ಮುಖ ತೊಳೆದು ತಲೆಯೆತ್ತಿದರೆ, ಬಗಲಿಗೆ ತೇಪೆ ಹಾಕಿದ ತನ್ನ ಅಂಗಿ ಮೂರನೇ ಅಂತಸ್ತಿನಲ್ಲಿ ಗಾಳಿಗೆ ತೂಗಾಡುತ್ತಿದೆ. ಜಲ್ಲಿ ರಾಶಿಯ ಮೇಲೆ ಕುಸಿದು ಕೂತ. "ನಾನಾಗ್ಲೇ ಅಲ್ಲಿ ನೇತಾಡ್ತಾವ್ನಿ. ಇನ್ನೇನ್ ಓಗಾದು?" ಅಂದ. ಕೆಲಸ ಮಾಡಿಸುವ ಮೇಸ್ತ್ರಿಗೆ ರೇಗಿತು. "ಇವತ್ತು ಮೇಲಕ್ಕೆ ಅತ್ತಿದ್ರೆ ಸರಿ. ಇಲ್ದಿದ್ರೆ ಶೆಡ್ ಖಾಲಿ ಮಾಡ್ಲಾ. ಬನ್ನೂರಿಂದ ಬೇರೆಯೋರು ಬತ್ತಾರೆ." ಅಜ್ಜಿ ಆಗಲೇ ಪಾತ್ರೆಗಳನ್ನು ಒಂದರೊಳಗೊಂದು ಇಡತೊಡಗಿದಳು. ಊರಿನಲ್ಲಿ ನಮಗೆ ಅಂಗೈಯಗಲ ಜಮೀನೂ ಇರಲಿಲ್ಲ. ಆ ಶೆಡ್ಡು ಹೋದರೆ ಬೀದಿಯೇ.

ಅವ್ವ ತನ್ನ ಹಳೇ ಕೆಂಪು ಸೀರೆಯನ್ನು ಹೆಗಲಿಗೆ ಹಾಕಿಕೊಂಡು, ಉಟ್ಟ ಸೀರೆಯನ್ನು ಮೇಲೆತ್ತಿ ಕಟ್ಟಿ ಸಾರುವೆ ಹತ್ತಿದಳು. "ಬಿದ್ಗಿದ್ದೀಯ, ಇಳಿಯೇ!" ಅಂತ ಅಜ್ಜಿ ಕೂಗಿದಳು. ಅವ್ವ ಬೊಂಬೆಯ ಅಂಗಿ ಬಿಚ್ಚಿ, ನೆರಿಗೆ ಹಿಡಿದು ಸೀರೆ ಉಡಿಸಿ, ಸೆರಗನ್ನೂ ಸರಿಮಾಡಿದಳು. ರಸ್ತೆಯಲ್ಲಿ ಹೋಗುವ ಗಾಡಿಯವರೆಲ್ಲ ನಿಂತು ನೋಡಿದರು. "ಸೀರೆ ಉಟ್ಟ ದೃಷ್ಟಿಬೊಂಬೆನ ಎಲ್ಲಾರ ಕಂಡಿದ್ದೀಯೇನೆ?" ಅಂತ ಅಜ್ಜಿ ಹಣೆ ಚಚ್ಚಿಕೊಂಡಳು. "ಬ್ಯಾಂಕ್ ಕಟ್ಟೋದ್ನ ಎಲ್ ಕಂಡಿದ್ವಿ ಅತ್ತೆ?" ಅಂದಳು ಅವ್ವ ಮೇಲಿನಿಂದಲೇ. ಇಳಿದು ಬಂದು ಅಂಗಿಯನ್ನು ಅಪ್ಪನ ತೊಡೆಯ ಮೇಲೆ ಎಸೆದಳು. "ತಕೋ ಮಗೀನಪ್ಪ, ನಿನ್ನಂಗಿ. ಈಗ ಅಲ್ಲಿ ನಾನು ನಿಂತಿವ್ನಿ. ಎಂಡ್ತಿ ಒಬ್ಳನ್ನೇ ಮೇಲೆ ಬುಟ್ಟು ಕೆಳಗೆ ಕುಂತಿರ್ತೀಯೇನು?"

ಅಪ್ಪ ಅಂಗಿ ತೊಟ್ಟುಕೊಂಡ. ಗೋಡೆಯನ್ನೇ ನೋಡುತ್ತಾ, ಒಂದೊಂದು ಬಿದಿರನ್ನೂ ಕೈಯಲ್ಲಿ ಸವರಿ ನಂಬಿಕೆ ಬಂದ ಮೇಲೆ ಕಾಲಿಟ್ಟು, ಹತ್ತಿದ. ಸಂಜೆ ಇಳಿದು ಬಂದು ಎರಡು ಮುದ್ದೆ ಉಂಡ. ಆಮೇಲೆ ಮೈಸೂರಿಗೂ ಹೋಗಿ ಅದಕ್ಕಿಂತ ಎತ್ತರದವನ್ನೆಲ್ಲ ಕಟ್ಟಿದ. ಭಯ ಹೋಯಿತು ಅಂತ ಹೇಳುವುದಿಲ್ಲ, ಅದು ಕೊನೆವರೆಗೂ ಹೋಗಲಿಲ್ಲ. ಭಯ ಇಟ್ಟುಕೊಂಡೇ ದುಡಿದ, ನಾವು ಉಂಡೆವು, ನಾನು ಎರಡಕ್ಷರ ಕಲಿತೆ, ನನ್ನ ಮದುವೆಯೂ ಆಯಿತು.

ಆ ಬ್ಯಾಂಕಿನ ಕಟ್ಟಡವನ್ನು ಕೆಡವಿ ಈಗ ಗಾಜಿನದು ಕಟ್ಟಿದ್ದಾರೆ. ಚೆನ್ನಾಗಿದೆ, ಬೇಜಾರೇನಿಲ್ಲ. ಹಳೆಯದನ್ನು ಕಟ್ಟಿದ ಕೈಗಳೇ ಇಲ್ಲ, ಗೋಡೆ ಇದ್ದು ಏನು ಮಾಡಬೇಕು? ಅಪ್ಪನ ಜೊತೆ ದುಡಿದವರಲ್ಲಿ ಸಾರುವೆಯಿಂದ ಬಿದ್ದು ಸತ್ತವರಿದ್ದರು. ಅಪ್ಪ ಬೀಳಲಿಲ್ಲ. ತಲೆ ಪೂರ್ತಿ ಬೆಳ್ಳಗಾದ ಮೇಲೆ ಹೆಮ್ಮರಗಾಲದಲ್ಲಿ, ಒಂದು ಮಧ್ಯಾಹ್ನ ಗಂಜಿ ಕುಡಿದು ಚಾಪೆಯ ಮೇಲೆ ಮಲಗಿದವನು ಏಳಲಿಲ್ಲ. ನಾವೆಲ್ಲ ಬಾಯಿ ಬಡಿದುಕೊಂಡೆವು. ಅವ್ವ ಅಳಲಿಲ್ಲ. ಒದ್ದೆ ಬಟ್ಟೆಯಿಂದ ಅವನ ಪಾದ ಒರೆಸುತ್ತಾ, "ನೆಲದ ಮೇಲೇ ಕಣ್ ಮುಚ್ದೆ, ಅಷ್ಟು ಸಾಕು" ಅಂದಳು.