ಕೆಳಗಿನ ಮೆಟ್ಟಿಲಿನ ನಿಂಜಾಗಳು

ಮಿಲ್ಪಿಟಾಸಿನ ನಮ್ಮ ಮನೆಯಲ್ಲಿ ಒಂದು ದಸರೆಗೆ ಜಪಾನಿನ ಕೋಟೆಯೊಂದಕ್ಕೆ ಮುತ್ತಿಗೆ ಬಿದ್ದಿತ್ತು. ಇವತ್ತಿಗೂ ಯಾರಾದರೂ ಗೊಂಬೆ ಹಬ್ಬದ ಮಾತೆತ್ತಿದರೆ ನನ್ನ ಕಣ್ಣಿಗೆ ಮೊದಲು ಬರುವುದು ಪಟ್ಟದ ಗೊಂಬೆಯಲ್ಲ, ದಶಾವತಾರದ ಸಾಲೂ ಅಲ್ಲ. ಆ ರಟ್ಟಿನ ಕೋಟೆ, ಅದರ ಮುಂದೆ ನೆಲದ ಮೇಲೆ ಕೂತ ನಮ್ಮ ಅತ್ತೆ, ಅವರ ಪಕ್ಕದಲ್ಲಿ ಬೋರಲು ಮಲಗಿ ಕಾಲಾಡಿಸುತ್ತಿದ್ದ ನನ್ನ ಮಗಳು. ಅತ್ತೆ ಈಗಿಲ್ಲ. ಮಗಳು ಕಾಲೇಜಿಗೆಂದು ದೂರ ಹೋಗಿದ್ದಾಳೆ. ಮನೆ ಈಗ ಸದಾ ಅಚ್ಚುಕಟ್ಟಾಗಿರುತ್ತದೆ. ನನಗೆ ಅದು ಒಂದಿಷ್ಟೂ ಇಷ್ಟವಿಲ್ಲ.

ಗೊಂಬೆ ಕೂರಿಸುವುದು ನೋಡುವವರಿಗೆ ಚೆಂದ. ಆಫೀಸು ಮುಗಿಸಿ, ಫ್ರೀವೇ ಮೇಲೆ ತೆವಳಿಕೊಂಡು ಮನೆಗೆ ಬಂದು, ಗರಾಜಿನಿಂದ ಡಬ್ಬ ಇಳಿಸಿ, ಪುಸ್ತಕದ ಕಪಾಟಿನ ಹಲಗೆಗಳನ್ನೇ ಮೆಟ್ಟಿಲು ಮಾಡಿ ಬಿಳಿ ಪಂಚೆ ಹೊದಿಸುವವಳಿಗೆ ಅದರ ಕಷ್ಟ ಗೊತ್ತು. ಮಗಳು ಕೈ ಹಾಕುತ್ತಿರಲಿಲ್ಲ. "ಅದು ನಿಮ್ಮ ಹಬ್ಬ, ನನಗೆ ಬೇಡ," ಎಂದು ಇಂಗ್ಲಿಷಿನಲ್ಲಿ ಹೇಳಿ ಮಹಡಿ ಹತ್ತುತ್ತಿದ್ದಳು. ನನಗೋ ಮೂಗಿನ ಮೇಲೇ ಕೋಪ. ಆ ವರ್ಷ ಬೇಸಿಗೆಯಲ್ಲಿ ಅವಳೂ ನಾನೂ ಒಂದು ತೀರ್ಮಾನಕ್ಕೆ ಬಂದೆವು: ಈ ದಸರೆಯೇ ಕೊನೆ. ಅತ್ತೆ ಮೈಸೂರಿಗೆ ವಾಪಸು ಹೋದ ಮೇಲೆ ಗೊಂಬೆಗಳನ್ನೆಲ್ಲ ದೇವಸ್ಥಾನಕ್ಕೆ ಕೊಟ್ಟುಬಿಡುವುದು. ಅಲ್ಲಿಯವರೆಗೆ ಅಜ್ಜಿಗೆ ಹೇಳಕೂಡದು.

ಹೇಳುವುದಾದರೂ ಹೇಗೆ? ಅವೆಲ್ಲ ಅತ್ತೆ ತಂದ ಗೊಂಬೆಗಳು. ಬರುವಾಗಲೆಲ್ಲ ಹಳೆಯ ಸೀರೆಯಲ್ಲಿ ಸುತ್ತಿ, ಲಗೇಜಿಗೆ ಹಾಕಿದರೆ ಒಡೆದಾವೆಂದು ವಿಮಾನದುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ತಂದವು. "ಇವನ್ನ ಪುಟ್ಟಿ ಕೈಗೆ ಒಪ್ಪಿಸಿಬಿಟ್ರೆ ನನ್ನ ಕೆಲಸ ಮುಗೀತು ಕಣೇ," ಎನ್ನುತ್ತಿದ್ದರು. ಆ ಪುಟ್ಟಿಗೂ ಅವರಿಗೂ ಮಾತೇ ಇರಲಿಲ್ಲ. ಅಜ್ಜಿ ಕನ್ನಡದಲ್ಲಿ ಕೇಳುತ್ತಿದ್ದರು, ಮೊಮ್ಮಗಳು ಇಂಗ್ಲಿಷಿನಲ್ಲಿ ಒಂದು ತುಂಡು ಉತ್ತರ ಕೊಡುತ್ತಿದ್ದಳು, ಅಜ್ಜಿ ಅರ್ಥವಾದವರಂತೆ ತಲೆಯಾಡಿಸಿ ಬತ್ತಿ ಹೊಸೆಯುತ್ತಿದ್ದರು.

ಹೇಗೂ ಕೊನೆಯ ವರ್ಷ, ಕೆಳಗಿನ ಮೆಟ್ಟಿಲು ನಿನಗೇ ಇರಲಿ, ಏನು ಬೇಕಾದರೂ ಮಾಡಿಕೋ ಎಂದು ಮಗಳಿಗೆ ಹೇಳಿದೆ. ಅವಳ ಏಳನೇ ಕ್ಲಾಸಿನಲ್ಲಿ ಆಗ ಹಳೆಯ ಕಾಲದ ಜಪಾನಿನ ಪಾಠ ನಡೆಯುತ್ತಿತ್ತು. ಗ್ರೋಸರಿ ತಂದ ರಟ್ಟಿನ ಡಬ್ಬಗಳನ್ನು ಕತ್ತರಿಸಿ ಅವಳು ಕೋಟೆ ಕಟ್ಟಿದಳು. ಸುತ್ತ ನೀಲಿ ಕಾಗದದ ಕಂದಕ, ಹೊರಗೆ ಮುತ್ತಿಗೆ ಹಾಕಿದ ಸೈನ್ಯ. ಇಷ್ಟಾದರೂ ಕೈ ಹಾಕಿದಳಲ್ಲ ಎಂಬ ಖುಷಿಗೆ ನಾನು ಅಂಗಡಿಗೆ ಓಡಿ, ಒಂದು ಪ್ಯಾಕೆಟ್ಟು ಪ್ಲಾಸ್ಟಿಕ್ ನಿಂಜಾಗಳನ್ನು, ಅಂದರೆ ಜಪಾನಿನ ಗೂಢಚಾರರನ್ನು, ತಂದು ಕೋಟೆಯ ಗೋಡೆಯ ಮೇಲೆ ಸಾಲಾಗಿ ನಿಲ್ಲಿಸಿದೆ. ಮೈತುಂಬ ಕಪ್ಪು ಬಟ್ಟೆ, ಕಣ್ಣಷ್ಟೇ ಕಾಣುವ ಮುಸುಕು, ಬೆನ್ನಿಗೆ ಕತ್ತಿ. ನನ್ನ ಪ್ರಕಾರ ಬಹಳ ಚೆನ್ನಾಗಿತ್ತು.

"ಏನೇ ಇದು, ಹಬ್ಬದ ಮನೇಲಿ ಕರೀ ಬಟ್ಟೆ! ತೆಗಿ ತೆಗಿ," ಎಂದರು ಅತ್ತೆ.

"ಅಮ್ಮಾ, ನೋ! ನಿಂಜಾಸ್ ಬ್ಲ್ಯಾಕ್ ಹಾಕ್ತಾನೇ ಇರ್ಲಿಲ್ಲ. ತೆಗಿ," ಎಂದಳು ಮಗಳು, ಅದೇ ಗಳಿಗೆಯಲ್ಲಿ.

ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಅವರು ಒಂದೇ ಮಾತಿಗೆ ಒಪ್ಪಿದ್ದನ್ನು ನಾನು ಕಂಡದ್ದು ಅದೇ ಮೊದಲು, ಅದೂ ನನ್ನನ್ನು ಬೈಯುವುದಕ್ಕೆ.

ಆಮೇಲೆ ಮಗಳು ವಿವರಿಸಿದಳು, ನಾನು ಅತ್ತೆಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ನಿಂಜಾಗಳಿಗೆ ಕಪ್ಪು ಬಟ್ಟೆ ತೊಡಿಸಿದ್ದು ಜಪಾನಿನ ನಾಟಕದವರಂತೆ. ಅಲ್ಲಿ ರಂಗದ ಮೇಲೆ ಸಾಮಾನು ಸರಿಸುವವರು ಕಪ್ಪು ತೊಟ್ಟಿರುತ್ತಾರೆ, ನೋಡುವವರು ಅವರನ್ನು ಕಂಡೂ ಕಾಣದ ಹಾಗೆ ಇರುತ್ತಾರೆ. ಅಂಥವನೊಬ್ಬ ಥಟ್ಟನೆ ಕತ್ತಿ ಹಿರಿದರೆ ಜನ ಬೆಚ್ಚಿಬೀಳುತ್ತಾರೆ, ಅವನೇ ನಿಂಜಾ. ನಿಜವಾದ ಯುದ್ಧದಲ್ಲಿ ಹಾಗೆ ಹೋದರೆ ಬಾಗಿಲಲ್ಲೇ ಹಿಡಿದು ಕೊಲ್ಲುತ್ತಿದ್ದರು. ನಿಜವಾದವರು ರೈತನೋ, ಸನ್ಯಾಸಿಯೋ, ಊರೂರು ತಿರುಗುವ ವ್ಯಾಪಾರಿಯೋ ಆಗಿ ಕೋಟೆಯೊಳಗೆ ಹೋಗುತ್ತಿದ್ದರು. ಅಕ್ಕಿ ಎಷ್ಟು ದಿನಕ್ಕಿದೆ, ಕಂದಕ ಎಷ್ಟು ಆಳ, ಯಾವ ಬಾಗಿಲಿನ ಕಾವಲುಗಾರ ತೂಕಡಿಸುತ್ತಾನೆ ಎಂದು ನೋಡಿಕೊಳ್ಳುತ್ತಿದ್ದರು. ಸಮಯ ಸಿಕ್ಕರೆ ಒಳಗೆ ಬೆಂಕಿ ಹಚ್ಚಿ ಗಲಿಬಿಲಿ ಮಾಡುವುದೂ ಇತ್ತು.

"ಉಂಡ ಮನೆ ಜಂತೆ ಎಣಿಸೋರು ಅನ್ನು!" ಎಂದರು ಅತ್ತೆ.

ಜಂತೆ ಅಂದರೇನು ಎಂದು ಮಗಳು ಕೇಳಿದಳು. ನಮ್ಮ ಟೌನ್‌ಹೌಸಿನ ಸೂರಿಗೆ ಜಂತೆ ಎಲ್ಲಿಂದ ಬರಬೇಕು! ಅತ್ತೆ ಎರಡು ಕೈಯನ್ನೂ ಮೇಲೆತ್ತಿ, ಹಳೆಯ ಮನೆಯ ಸೂರು ಹೊತ್ತ ಮರದ ತೊಲೆಗಳನ್ನು ಗಾಳಿಯಲ್ಲಿ ಒಂದೊಂದಾಗಿ ಇಟ್ಟು ತೋರಿಸಿದರು. ಮಗಳಿಗೆ ಅರ್ಥವಾಯಿತು, ನನ್ನ ನೆರವು ಬೇಕಾಗಲಿಲ್ಲ.

ನನ್ನ ಕಪ್ಪು ಸೈನ್ಯ ಡ್ರಾಯರು ಸೇರಿತು. ಹಾಗಾದರೆ ನಿಂಜಾ ಯಾರು? ಮಗಳು ಮೇಲಿನ ಮೆಟ್ಟಿಲುಗಳನ್ನು ಕಣ್ಣಲ್ಲೇ ಹುಡುಕಿ, ಅಕ್ಕಿ ಬೇಳೆಯ ಪುಟ್ಟ ರಾಶಿಗಳ ಹಿಂದೆ ಕೂತಿದ್ದ ಶೆಟ್ಟರ ಗೊಂಬೆಯನ್ನು ಎತ್ತಿಕೊಂಡಳು. ಅತ್ತೆ ಹೌಹಾರಿದರು. ಅವರ ಅಮ್ಮನ ಕಾಲದಿಂದಲೂ ಅಂಗಡಿ ಬಿಟ್ಟು ಎದ್ದವರಲ್ಲ ಶೆಟ್ಟರು. ಪಕ್ಕದಲ್ಲಿ ಶೆಟ್ಟಮ್ಮ ಒಂಟಿಯಾಗಿ ಕೂರುವುದುಂಟೆ?

"ವಾಪಸ್ ಬರ್ತಾನೆ ಅಜ್ಜಿ," ಎಂದಳು ಮಗಳು. "ಬರ್ಲೇಬೇಕು."

ಸಮುರಾಯಿ ಯೋಧನಿಗೆ ಯುದ್ಧದಲ್ಲಿ ಸಾಯುವುದೇ ದೊಡ್ಡ ಹೆಸರು, ಆದರೆ ನಿಂಜಾ ಸತ್ತರೆ ಅವನು ಕಂಡದ್ದೆಲ್ಲ ಅವನ ಜೊತೆಗೇ ಹೋಗುತ್ತದೆ, ಬದುಕಿ ಬಂದು ಸುದ್ದಿ ಹೇಳುವುದೇ ಅವನ ಕೆಲಸ ಎಂದು ಅವಳ ಇಂಗ್ಲಿಷನ್ನು ನಾನು ಕನ್ನಡಕ್ಕಿಳಿಸಿದೆ. ಅತ್ತೆ ಶೆಟ್ಟರ ಹಣೆಗೆ ಕುಂಕುಮವಿಟ್ಟು, ತಾವೇ ಕೋಟೆಯ ಬಾಗಿಲಲ್ಲಿ ಕೂರಿಸಿದರು.

ಅಲ್ಲಿಂದ ಮುಂದೆ ಯುದ್ಧಕ್ಕೆ ಅತ್ತೆಯೇ ಮಂತ್ರಿ. ನಾನು ಆಫೀಸಿನಿಂದ ಬರುವ ಹೊತ್ತಿಗೆ ಕೋಟೆಯಲ್ಲಿ ಏನಾದರೊಂದು ಬದಲಾಗಿರುತ್ತಿತ್ತು. "ಇಷ್ಟು ಜನಕ್ಕೆ ನೀರೆಲ್ಲಿ? ಬಾವಿ ತೋಡು," ಎಂದು ಅಜ್ಜಿ. "ಅಲ್ಲಿ ಬೇಡ, ಬಾಗಿಲ ಹತ್ರ ಬೇಡ," ಎಂದು ಮೊಮ್ಮಗಳು. ಅವಳ ಕನ್ನಡ ಒಂದೊಂದು ದಿನ ಒಂದೊಂದು ಮಾತಿನಷ್ಟು ಉದ್ದವಾಗುತ್ತಿತ್ತು. ಹಾರ್ಮೋನಿಯಂ ನುಡಿಸುವ ಗೊಂಬೆ ಸನ್ಯಾಸಿಯ ವೇಷದ ಗೂಢಚಾರನಾದ, ಮೊಸರು ಮಾರುವವಳು ಸುದ್ದಿ ಸಾಗಿಸುವವಳಾದಳು. ಅಡುಗೆಮನೆಯಲ್ಲಿ ಉಸಲಿಗೆ ಒಗ್ಗರಣೆ ಹಾಕುತ್ತಾ ಅವರಿಬ್ಬರ ಜಗಳ ಕೇಳಿಸಿಕೊಂಡ ಆ ಸಂಜೆಗಳಿಗಾಗಿ ಈಗ ನಾನು ಏನು ಬೇಕಾದರೂ ಕೊಟ್ಟೇನು. ಆಗ ಮಾತ್ರ, ಹೋಮ್‌ವರ್ಕ್ ಆಯಿತಾ ಎಂದು ಕೂಗುತ್ತಿದ್ದೆ.

ವಾರಾಂತ್ಯಕ್ಕೆ ಅರಿಶಿನ ಕುಂಕುಮಕ್ಕೆ ಕರೆದಿದ್ದೆವು. ಗಿಲ್‌ರಾಯ್‌ನಿಂದ ಒಂದು ಸಂಸಾರ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದಿತ್ತು, ಅಕ್ಕಪಕ್ಕದ ಊರುಗಳವರೂ ಬಂದಿದ್ದರು, ರೇಷ್ಮೆ ಸೀರೆಗಳಿಂದ ಹಾಲ್ ತುಂಬಿಹೋಗಿತ್ತು. ನಾನು ಅಡುಗೆಮನೆಯಲ್ಲಿ ಮಕ್ಕಳಿಗೆ ಗೊಂಬೆ ಬಾಗಿನದ ತಿಂಡಿ ಕಟ್ಟುತ್ತಿದ್ದೆ. ಆರತಿ ಆಯಿತು. ಕುಂಕುಮದ ತಟ್ಟೆ ಹಿಡಿದು ಹೊರಗೆ ಬಂದೆನೋ ಇಲ್ಲವೋ, ಅತ್ತೆ ಗಟ್ಟಿಯಾಗಿ, "ಕೋಟೆ!" ಎಂದು ಕೂಗಿದರು.

ಎಲ್ಲರೂ ದಬದಬನೆ ಕೂತುಬಿಟ್ಟರು. ಹೆಂಗಸರು, ಮಕ್ಕಳು, ಮೂಲೆಯಲ್ಲಿ ಕಾಫಿ ಕುಡಿಯುತ್ತಿದ್ದ ನನ್ನ ಗಂಡ ಕೂಡ. ಇಡೀ ಹಾಲ್‌ನಲ್ಲಿ ನಿಂತವಳು ನಾನೊಬ್ಬಳೇ.

"ಸಿಕ್ಕಿದ್ಳು!" ಎಂದು ಮಗಳು ಚಪ್ಪಾಳೆ ತಟ್ಟಿದಳು. ಶಿಬಿರದೊಳಗೆ ಸೇರಿಕೊಂಡ ಗೂಢಚಾರರನ್ನು ಹಿಡಿಯಲು ಜಪಾನಿನವರು ಹೀಗೇ ಮಾಡುತ್ತಿದ್ದರಂತೆ. ಮೊದಲೇ ಗೊತ್ತುಮಾಡಿಕೊಂಡ ಮಾತೊಂದನ್ನು ಕೂಗಿದಾಗ ನಮ್ಮವರೆಲ್ಲ ಕೂರಬೇಕು, ಗೊತ್ತಿಲ್ಲದೆ ನಿಂತವನು ಶತ್ರು. ನಾನು ಅಡುಗೆಮನೆಯಲ್ಲಿದ್ದಾಗ ಬಂದವರಿಗೆಲ್ಲ ಪಾಠ ಹೇಳಿಕೊಟ್ಟಾಗಿತ್ತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಗಳು ನಗಲಿಲ್ಲ. ನನ್ನ ಕಡೆ ಬೆರಳು ತೋರಿಸಿ, ಅಷ್ಟು ಜನರ ಎದುರು, ಕನ್ನಡದಲ್ಲಿ ಶುರುಮಾಡಿದಳು.

"ಅಮ್ಮ ಶತ್ರು. ಅಮ್ಮ ಎಲ್ಲಾ ಗೊಂಬೆ ದೇವಸ್ಥಾನಕ್ಕೆ ಕೊಟ್ಬಿಡ್ತಾಳೆ. ಅಜ್ಜಿಗೆ ಹೇಳ್ಬೇಡ ಅಂದ್ಳು. ನಾನು ಹೇಳ್ದೆ, ನಿನ್ನೆನೇ ಹೇಳ್ದೆ. ಇದು ಅಜ್ಜಿ ಗೊಂಬೆ. ಆಮೇಲೆ ನಂದು. ನಾನು ಕೊಡಲ್ಲ. ಯಾರಿಗೂ ಕೊಡಲ್ಲ!"

ಬೇಡ ಅಂದದ್ದು ನೀನೇ ಅಲ್ಲವೇನೇ ಎನ್ನಲು ಹೋಗಿ, ಕುಂಕುಮದ ತಟ್ಟೆಯನ್ನು ಕೆಳಗಿಟ್ಟೆ. ಗಿಲ್‌ರಾಯ್‌ನಿಂದ ಬಂದಿದ್ದ ಹೆಂಗಸು ಪಾಪ, ನನ್ನ ಮುಖ ನೋಡಿ, "ಹೋಗ್ಲಿ ಬಿಡಮ್ಮ, ಅಮ್ಮಂಗೆ ಹಂಗೆಲ್ಲಾ ಅನ್ಬಾರ್ದು," ಎಂದು ಅವಳ ಕೈ ಹಿಡಿಯಹೋದರು.

ಅತ್ತೆ ತಡೆದರು. ಅವರ ಕಣ್ಣು ತುಂಬಿತ್ತು, ಸೆರಗಿನಿಂದ ಒರೆಸಿಕೊಳ್ಳುವುದೂ ಅವರಿಗೆ ಹೊಳೆದಿರಲಿಲ್ಲ.

"ನೀವು ಸುಮ್ನಿರಿ, ಮಗು ಕನ್ನಡದಲ್ಲಿ ಬೈತಿದೆ," ಎಂದರು. "ಇನ್ನೂ ಸ್ವಲ್ಪ ಬೈಲಿ."